ಫೋನಿನೊಳಗಿನ ಬೋರ್ಡು: ನಮ್ಮ ಹೆಸರಿನಲ್ಲಿ ಅದು ಹೇಳುವ ಮಾತು ಸತ್ಯವೇ?

ಒಂದು ಶುಕ್ರವಾರ ಪಿರಿಯಾಪಟ್ಟಣದ ಕಡೆಯಿಂದ ಹುಣಸೂರಿಗೆ ಸ್ಕೂಟರಿನಲ್ಲಿ ಬರುತ್ತಿದ್ದೆ. ಹುಣಸೂರು ತಲುಪಿ ಜುಮಾ ನಮಾಝ್ ಮಾಡುವ ಲೆಕ್ಕವಿತ್ತು. ದಾರಿಯಲ್ಲಿ ಹಿಂದಿನ ಚಕ್ರ ಪಂಕ್ಚರ್ ಆಯಿತು. ಫೋನ್ ತೆಗೆದು ಹತ್ತಿರದ ಪಂಕ್ಚರ್ ಅಂಗಡಿ ಹುಡುಕಿದೆ. ಮುಂದೆ ಒಂದು ಅಂಗಡಿ ಇದೆ, ಈಗ ತೆರೆದಿದೆ ಎಂದು ನಕ್ಷೆ ತೋರಿಸಿತು. ಬಿಸಿಲಿನಲ್ಲಿ ಗಾಡಿ ತಳ್ಳಿಕೊಂಡು ಹೋದರೆ ಶಟರ್ ಎಳೆದಿತ್ತು.

ಪಕ್ಕದ ಟೀ ಅಂಗಡಿಯವರು ನನ್ನ ಅವಸ್ಥೆ ನೋಡಿ, "ಭಾಯಿ ನಮಾಜ್‌ಗೆ ಹೋಗವ್ರೆ. ಎರಡೂವರೆಗೆ ಬತ್ತಾರೆ, ಕುಂತ್ಕಳಿ" ಎಂದರು. ಗಾಡಿಯನ್ನು ಅಲ್ಲೇ ನಿಲ್ಲಿಸಿ ನಾನೂ ಆ ಮಸೀದಿಗೇ ನಡೆದೆ. ನಮಾಝ್ ಮುಗಿದ ಮೇಲೆ ಅದೇ ಭಾಯಿ ಬಂದು ಚಕ್ರ ಬಿಚ್ಚಿದರು. ಮಾತಿನ ನಡುವೆ ನಾನು ಫೋನಿನಲ್ಲಿ ಅವರ ಅಂಗಡಿಯನ್ನು ತೋರಿಸಿದೆ. ಅವರಿಗೆ ಆಶ್ಚರ್ಯ. "ಇದರಲ್ಲಿ ನನ್ನ ಅಂಗಡಿ ಇದೆಯಾ ಭಾಯ್? ನಾನು ಹಾಕಿದ್ದಲ್ಲ. ಯಾರು ಹಾಕಿದರೋ ಗೊತ್ತಿಲ್ಲ" ಎಂದರು.

ಅಂಗಡಿಯ ಹೆಸರಿನ ಕೆಳಗೆ ಒಂದೇ ಒಂದು ರಿವ್ಯೂ ಇತ್ತು. ಒಂದು ನಕ್ಷತ್ರ. ತೆರೆದಿದೆ ಎಂದು ತೋರಿಸುತ್ತಾರೆ, ಬಂದರೆ ಬಾಗಿಲು ಮುಚ್ಚಿರುತ್ತದೆ, ಇವರನ್ನು ನಂಬಬೇಡಿ ಎಂಬ ಅರ್ಥದ ಮಾತು. ಅದನ್ನು ಓದಿ ಹೇಳಿದಾಗ ಆ ಮನುಷ್ಯ ಸ್ವಲ್ಪ ಹೊತ್ತು ಸುಮ್ಮನಾದರು. ವರ್ಷಗಟ್ಟಲೆ ಅದೇ ಜಾಗದಲ್ಲಿ ಕುಳಿತು ದುಡಿದವರು ಅವರು. ತಾವು ಆಡದ ಮಾತಿಗೆ ತಾವೇ ಸುಳ್ಳುಗಾರ ಅನ್ನಿಸಿಕೊಂಡಿದ್ದರು.

ಈ ಲೇಖನ ಬರೆಯಲು ಆ ಮೌನವೇ ಕಾರಣ. ನಮ್ಮ ಊರುಗಳ ಬಹುಪಾಲು ಸಣ್ಣ ವ್ಯಾಪಾರಿಗಳಿಗೆ ಫೋನಿನೊಳಗೆ ತಮ್ಮದೊಂದು ಬೋರ್ಡು ತೂಗುತ್ತಿದೆ ಎಂಬುದೇ ತಿಳಿದಿಲ್ಲ. ನಮಗೆ ಗೊತ್ತಿರಲಿ, ಇಲ್ಲದಿರಲಿ, ಆ ಬೋರ್ಡು ನಮ್ಮ ಹೆಸರಿನಲ್ಲಿ ಹಗಲೂ ರಾತ್ರಿ ಮಾತನಾಡುತ್ತಲೇ ಇರುತ್ತದೆ. ಅದು ಹೇಳುವುದು ಸತ್ಯವೋ ಸುಳ್ಳೋ ಎಂದು ನೋಡಿಕೊಳ್ಳುವ ಹೊಣೆ ನಮ್ಮದು.

ಎರಡು ಬೋರ್ಡುಗಳು

ಅಂಗಡಿ ಇಡುವಾಗ ನಾವು ಮೊದಲು ಬೋರ್ಡು ಬರೆಸುತ್ತೇವೆ. ರಸ್ತೆಯಲ್ಲಿ ಹೋಗುವವರಿಗೆ ಕಾಣುವಂತೆ ಎತ್ತರದಲ್ಲಿ ಹಾಕುತ್ತೇವೆ. ಅದಕ್ಕೆ ಕಾನೂನೂ ಇದೆ. ಕರ್ನಾಟಕ ಸರಕಾರ 2024ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕು. ಆದರೆ ಇಂದು ಅನೇಕ ಗಿರಾಕಿಗಳು ರಸ್ತೆಯ ಬೋರ್ಡಿಗಿಂತ ಮೊದಲು ಫೋನಿನ ಬೋರ್ಡನ್ನು ಓದಿ ಬರುತ್ತಾರೆ.

ಆ ಎರಡನೆಯ ಬೋರ್ಡಿಗೆ ಈಗಿನ ಹೆಸರು ಗೂಗಲ್ ಬಿಸಿನೆಸ್ ಪ್ರೊಫೈಲ್. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿನಲ್ಲಿ ಬಂದ ಈ ಸೌಲಭ್ಯಕ್ಕೆ 2021ರ ನವೆಂಬರ್‌ನಲ್ಲಿ ಈ ಹೆಸರು ಕೊಟ್ಟರು. ನಕ್ಷೆಯಲ್ಲಿ ಅಂಗಡಿಯ ಜಾಗ, ಹೆಸರು, ಫೋನ್ ನಂಬರ್, ತೆರೆಯುವ ಸಮಯ, ಫೋಟೋ, ಗಿರಾಕಿಗಳ ಅಭಿಪ್ರಾಯ ಇವೆಲ್ಲ ಒಂದೇ ಕಡೆ ಕಾಣುತ್ತವೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನೀವು ಮಾಡದಿದ್ದರೂ ನಿಮ್ಮ ಅಂಗಡಿ ಅಲ್ಲಿರಬಹುದು. ದಾರಿಹೋಕರು, ಗಿರಾಕಿಗಳು, ಯಾರು ಬೇಕಾದರೂ ನಕ್ಷೆಗೆ ಒಂದು ಜಾಗವನ್ನು ಸೇರಿಸುವಂತೆ ಸೂಚಿಸಬಹುದು. ಆ ಪಂಕ್ಚರ್ ಅಂಗಡಿಯ ವಿಷಯದಲ್ಲಿ ಆಗಿದ್ದು ಬಹುಶಃ ಅದೇ.

ನಾಲ್ಕು ಊರು, ಎರಡು ಬಗೆಯ ಗಿರಾಕಿ

ನಮ್ಮಂಥ ಸಣ್ಣ ಊರಿಗೆ ಇದೆಲ್ಲ ಏಕೆ, ಎಲ್ಲರಿಗೂ ಎಲ್ಲರ ಪರಿಚಯ ಇದೆಯಲ್ಲ ಎಂದು ಕೇಳುವವರಿದ್ದಾರೆ. ನಮ್ಮ ನಾಲ್ಕು ಊರುಗಳನ್ನು ಒಮ್ಮೆ ನೋಡೋಣ.

ಹುಣಸೂರು ಮೈಸೂರಿನಿಂದ ಸುಮಾರು 45 ಕಿ.ಮೀ. ದೂರದಲ್ಲಿ ಮಡಿಕೇರಿ ಹೆದ್ದಾರಿಯ ಮೇಲಿದೆ. ವೀರನಹೊಸಹಳ್ಳಿ ಮೂಲಕ ನಾಗರಹೊಳೆ ಕಾಡಿಗೆ ಹೋಗುವವರೂ ಇಲ್ಲೇ ತಿರುಗುತ್ತಾರೆ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಬೈಲಕುಪ್ಪೆ ಇದೆ. ಅಲ್ಲಿನ ಟಿಬೆಟನ್ ವಸತಿ ಪ್ರದೇಶವನ್ನೂ ನಾಮ್‌ಡ್ರೋಲಿಂಗ್ ಮಠವನ್ನೂ ನೋಡಲು ದೂರದೂರದಿಂದ ಜನ ಬರುತ್ತಾರೆ, ಕೊಡಗಿಗೆ ಹೋಗುವವರೂ ಇದೇ ದಾರಿಯವರು. ಕೆ.ಆರ್. ನಗರಕ್ಕೆ ಮೈಸೂರು-ಹಾಸನ ರೈಲು ಮಾರ್ಗವಿದೆ, ಚುಂಚನಕಟ್ಟೆಯ ಜಲಪಾತಕ್ಕೆ ಹೋಗುವವರು ಬಂದುಹೋಗುತ್ತಾರೆ. ಎಚ್.ಡಿ. ಕೋಟೆಗೆ ಕಬಿನಿ ಜಲಾಶಯ, ಕಾರಾಪುರದ ಕಡೆಯ ಪ್ರವಾಸಿಗರು, ಬಾವಲಿ ದಾರಿಯಲ್ಲಿ ವಯನಾಡಿಗೆ ಹೋಗುವವರು.

ಇವರು ಮೊದಲ ಬಗೆಯ ಗಿರಾಕಿಗಳು. ಇವರಿಗೆ ಇಲ್ಲಿ ಯಾರ ಪರಿಚಯವೂ ಇಲ್ಲ. ಕಾರಿನ ಟೈರ್ ಒಡೆದರೆ, ಮಗುವಿಗೆ ಹಸಿವಾದರೆ, ಫೋನಿನ ಚಾರ್ಜರ್ ಕೆಟ್ಟರೆ ಅವರು ಕೇಳುವುದು ಫೋನನ್ನೇ. ನಕ್ಷೆಯಲ್ಲಿ ಇಲ್ಲದ ಅಂಗಡಿ ಅವರ ಪಾಲಿಗೆ ಊರಿನಲ್ಲೇ ಇಲ್ಲ.

ಎರಡನೆಯವರು ಸುತ್ತಲಿನ ಹಳ್ಳಿಗಳ ಜನ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಂಬಾಕು ಬೆಳೆಯುವ ಸೀಮೆ. ಹರಾಜು ಮಾರುಕಟ್ಟೆಗಳು ತೆರೆದು ರೈತರ ಕೈಗೆ ಹಣ ಬಂದಾಗ ಬಟ್ಟೆ, ಪಾತ್ರೆ, ಹಾಸಿಗೆ, ಮಂಚ, ಬೀರು, ಮೊಬೈಲ್ ಎಲ್ಲದಕ್ಕೂ ಪೇಟೆಗೆ ಬರುತ್ತಾರೆ. ಈಗ ಹಳ್ಳಿಯ ಹುಡುಗನೂ ಇಪ್ಪತ್ತು ಕಿಲೋಮೀಟರ್ ಬಸ್ಸಿನಲ್ಲಿ ಬರುವ ಮೊದಲು ಅಂಗಡಿ ತೆರೆದಿದೆಯೇ ಎಂದು ಫೋನಿನಲ್ಲಿ ನೋಡುತ್ತಾನೆ, ನಂಬರ್ ಸಿಕ್ಕರೆ ಮಾಲು ಇದೆಯೇ ಎಂದು ಕೇಳುತ್ತಾನೆ. ನಂಬರ್ ಸಿಗದಿದ್ದರೆ ಮನೆಯಲ್ಲೇ ಕುಳಿತು ಆನ್‌ಲೈನಿನಲ್ಲಿ ತರಿಸಿಕೊಳ್ಳುತ್ತಾನೆ. ಆ ಹಣ ನಮ್ಮ ಪೇಟೆಗೆ ಬರುವುದೇ ಇಲ್ಲ.

ಮೂರು ಅಳತೆ

ಕೆ.ಆರ್. ನಗರದ ಬಸ್ ನಿಲ್ದಾಣದಲ್ಲಿ ನಿಂತು ಒಬ್ಬರು "ಟೈಲರ್" ಎಂದು ಹುಡುಕಿದರೆ ಯಾವ ಅಂಗಡಿ ಮೊದಲು ಬರುತ್ತದೆ? ಗೂಗಲ್ ತಾನು ಮುಖ್ಯವಾಗಿ ಮೂರು ವಿಷಯ ನೋಡುತ್ತೇನೆ ಎಂದು ಹೇಳಿಕೊಂಡಿದೆ.

ಮೊದಲನೆಯದು ಹೊಂದಿಕೆ. ಗಿರಾಕಿ ಕೇಳಿದ್ದಕ್ಕೂ ನಿಮ್ಮ ಅಂಗಡಿ ಮಾಡುವ ಕೆಲಸಕ್ಕೂ ಹೊಂದಾಣಿಕೆ ಇದೆಯೇ? ಎರಡನೆಯದು ದೂರ. ಹುಡುಕುವವರು ನಿಂತ ಜಾಗದಿಂದ ಅಂಗಡಿ ಎಷ್ಟು ಹತ್ತಿರ? ಮೂರನೆಯದು ಹೆಸರುವಾಸಿ. ಅಂಗಡಿ ಎಷ್ಟು ಜನರಿಗೆ ಗೊತ್ತು, ಎಷ್ಟು ಜನ ಅಭಿಪ್ರಾಯ ಬರೆದಿದ್ದಾರೆ, ಬೇರೆ ಕಡೆ ಅದರ ಪ್ರಸ್ತಾಪ ಇದೆಯೇ?

ಇದರಲ್ಲಿ ಸಣ್ಣವರಿಗೆ ಸಮಾಧಾನದ ವಿಷಯವಿದೆ. ದೂರ ಎಂಬ ಅಳತೆಯಲ್ಲಿ ಮೈಸೂರಿನ ದೊಡ್ಡ ಮಳಿಗೆ ನಿಮ್ಮ ಮೊಹಲ್ಲಾದ ಅಂಗಡಿಯನ್ನು ಸುಲಭವಾಗಿ ಹಿಂದೆ ಹಾಕಲಾರದು. ನಿಮ್ಮ ಬೀದಿಯೇ ನಿಮ್ಮ ಬಂಡವಾಳ. ಇನ್ನೊಂದು ಮಾತು, ಹಣ ಕೊಟ್ಟು ಈ ಪಟ್ಟಿಯಲ್ಲಿ ಮೇಲಕ್ಕೆ ಹೋಗುವ ದಾರಿ ಇಲ್ಲ ಎಂದು ಗೂಗಲ್ ಸ್ಪಷ್ಟವಾಗಿ ಹೇಳಿದೆ. ಹಣ ಕೊಟ್ಟು ಹಾಕಿಸುವ ಜಾಹೀರಾತು ಬೇರೆ, ಅದು ಜಾಹೀರಾತು ಎಂಬ ಗುರುತಿನೊಂದಿಗೇ ಕಾಣುತ್ತದೆ. ಮೊಹಲ್ಲಾದ ಅಂಗಡಿಗೆ ಮೊದಲು ಬೇಕಾದದ್ದು ಜಾಹೀರಾತಲ್ಲ, ಸರಿಯಾದ ವಿವರ.

ನೀವೇ ಮಾಡಿಕೊಳ್ಳುವ ಬಗೆ

ಮೊದಲು ಗೂಗಲ್ ಮ್ಯಾಪ್ಸ್ ತೆರೆದು ನಿಮ್ಮ ಅಂಗಡಿಯ ಹೆಸರು, ಊರು ಬರೆದು ಹುಡುಕಿ. ಈಗಾಗಲೇ ಇದ್ದರೆ ಹೊಸದು ಮಾಡಬೇಡಿ. ಇದು ನನ್ನ ವ್ಯವಹಾರ ಎಂದು ಹಕ್ಕು ಸಾಧಿಸುವ ಗುಂಡಿ ಅಲ್ಲೇ ಇರುತ್ತದೆ. ಇಲ್ಲದಿದ್ದರೆ ಹೊಸದಾಗಿ ಸೇರಿಸಿ.

ಇದಕ್ಕೆಂದೇ ಅಂಗಡಿಯ ಹೆಸರಿನಲ್ಲಿ ಒಂದು ಜಿಮೇಲ್ ಖಾತೆ ತೆರೆಯಿರಿ. ಅದರ ಪಾಸ್‌ವರ್ಡ್ ಮನೆಯವರಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ. ಮಾಲೀಕರು ತೀರಿಕೊಂಡ ಮೇಲೆ ಮಕ್ಕಳಿಗೆ ಖಾತೆ ಸಿಗದೆ ಪರದಾಡುವುದು ಬೇಡ.

ಅಂಗಡಿ ಯಾವ ವರ್ಗಕ್ಕೆ ಸೇರಿದ್ದು ಎಂದು ಆರಿಸುವಾಗ ಎಚ್ಚರವಿರಲಿ. ಹೊಂದಿಕೆ ಎಂಬ ಅಳತೆ ಬಹುಮಟ್ಟಿಗೆ ಇದರ ಮೇಲೆ ನಿಂತಿದೆ. ಬೇಕರಿಯವರು ರೆಸ್ಟೋರೆಂಟ್ ಎಂದು ಹಾಕಿದರೆ ಊಟಕ್ಕೆ ಬಂದವರು ಬೈದು ಹೋಗುತ್ತಾರೆ, ಕೇಕ್ ಹುಡುಕಿದವರಿಗೆ ನೀವು ಕಾಣುವುದಿಲ್ಲ. ಮುಖ್ಯ ಕೆಲಸ ಯಾವುದೋ ಅದೇ ಮುಖ್ಯ ವರ್ಗ, ಉಳಿದದ್ದು ಹೆಚ್ಚುವರಿ.

ನಕ್ಷೆಯ ಗುರುತನ್ನು ಬೆರಳಿನಿಂದ ಸರಿಸಿ ನಿಮ್ಮ ಬಾಗಿಲಿಗೇ ಇಡಿ. ಹಿಂದಿನ ಬೀದಿಗೆ ಬಿದ್ದರೆ ಗಿರಾಕಿ ಅಲ್ಲಿ ಸುತ್ತಿ ವಾಪಸು ಹೋಗುತ್ತಾನೆ. ಪರೀಕ್ಷಿಸಲು ಸುಲಭ ದಾರಿ ಇದೆ. ಬೇರೆ ಊರಿನ ನೆಂಟರೊಬ್ಬರಿಗೆ ದಾರಿ ಹೇಳದೆ, ನಕ್ಷೆ ನೋಡಿಕೊಂಡೇ ಅಂಗಡಿಗೆ ಬರಲು ಹೇಳಿ. ಎಲ್ಲಿ ಎಡವಿದರು ಎಂದು ಕೇಳಿ.

ಕೊನೆಗೆ ಗೂಗಲ್ ನಿಮ್ಮ ಅಂಗಡಿ ನಿಜವೇ ಎಂದು ಪರಿಶೀಲಿಸುತ್ತದೆ. ಕೆಲವೊಮ್ಮೆ ಫೋನಿಗೆ ಕೋಡ್ ಬರುತ್ತದೆ, ಕೆಲವೊಮ್ಮೆ ವಿಡಿಯೋ ಕೇಳುತ್ತಾರೆ. ವಿಡಿಯೋದಲ್ಲಿ ಬೀದಿ, ಅಂಗಡಿಯ ಬೋರ್ಡು, ಒಳಗಿನ ಮಾಲು ಅಥವಾ ಯಂತ್ರ, ನೀವೇ ಬೀಗ ತೆಗೆಯುವುದು ಇವೆಲ್ಲ ಎಲ್ಲೂ ಕತ್ತರಿಸದೆ ಒಂದೇ ಓಟದಲ್ಲಿ ಬರಬೇಕು. ಬೋರ್ಡಿನ ಮೇಲಿನ ಹೆಸರೂ ಪ್ರೊಫೈಲಿನ ಹೆಸರೂ ಒಂದೇ ಆಗಿದ್ದರೆ ಕೆಲಸ ಸಲೀಸು.

ಹೆಸರು ಮತ್ತು ವಿಳಾಸ

ಹೆಸರಿನಲ್ಲಿ ಒಂದು ಕೆಟ್ಟ ಅಭ್ಯಾಸ ಹರಡಿದೆ. ಬೋರ್ಡಿನ ಮೇಲೆ ಎರಡೇ ಪದ ಇರುತ್ತದೆ. ಫೋನಿನಲ್ಲಿ ಮಾತ್ರ ಅದರ ಜೊತೆಗೆ "ಹುಣಸೂರಿನ ನಂಬರ್ ಒನ್, ಅತ್ಯಂತ ಅಗ್ಗದ, ಅತ್ಯುತ್ತಮ" ಎಂದು ಬಾಲ ಸೇರಿಸುತ್ತಾರೆ. ಗೂಗಲ್ ನಿಯಮದ ಪ್ರಕಾರ ಹೆಸರು ಎಂದರೆ ಬೋರ್ಡಿನ ಮೇಲಿರುವ ಹೆಸರು ಮಾತ್ರ. ಬಾಲ ಅಂಟಿಸಿದರೆ ಪ್ರೊಫೈಲನ್ನೇ ಅಮಾನತು ಮಾಡುವ ಸಾಧ್ಯತೆ ಇದೆ. ನಿಯಮದ ಮಾತು ಹಾಗಿರಲಿ, ನಂಬರ್ ಒನ್ ಎಂದು ಅಳೆದವರು ಯಾರು?

ಊರಿನ ಹೆಸರಿನ ಗೊಂದಲವೂ ನಮ್ಮ ಕಡೆ ಹೆಚ್ಚು. ಪಿರಿಯಾಪಟ್ಟಣ, ಪೆರಿಯಾಪಟ್ಟಣ ಎರಡೂ ಬಳಕೆಯಲ್ಲಿವೆ. ಎಚ್.ಡಿ. ಕೋಟೆಯನ್ನು ಕೆಲವರು ಹೆಗ್ಗಡದೇವನಕೋಟೆ ಎಂದು ಪೂರ್ತಿ ಬರೆಯುತ್ತಾರೆ. ಕೆ.ಆರ್. ನಗರ ಎಂದರೆ ಕೃಷ್ಣರಾಜನಗರ, ಆದರೆ ಹೊರಗಿನವರು ಅದನ್ನು ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆಯೊಂದಿಗೆ ಬೆರೆಸಿಬಿಡುತ್ತಾರೆ. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಸಾಲಿಗ್ರಾಮದ ಹೆಸರಿನದೇ ಇನ್ನೊಂದು ಊರು ಉಡುಪಿ ಜಿಲ್ಲೆಯಲ್ಲಿದೆ. ಆದ್ದರಿಂದ ವಿಳಾಸದಲ್ಲಿ ತಾಲ್ಲೂಕು, ಜಿಲ್ಲೆ, ಪಿನ್ ಕೋಡ್ ತಪ್ಪದೆ ಇರಲಿ. ಹುಣಸೂರಿಗೆ 571105, ಪಿರಿಯಾಪಟ್ಟಣಕ್ಕೆ 571107, ಕೆ.ಆರ್. ನಗರಕ್ಕೆ 571602, ಎಚ್.ಡಿ. ಕೋಟೆಗೆ 571114. ಹಳ್ಳಿಗಳಿಗೆ ಬೇರೆ ಪಿನ್ ಇರಬಹುದು, ಅಂಚೆ ಕಚೇರಿಯಲ್ಲಿ ಕೇಳಿ ಹಾಕಿ. ಅಂಗಡಿಯ ವಿವರಣೆಯನ್ನು ಕನ್ನಡದಲ್ಲಿ ಬರೆಯಿರಿ. ಅದರಲ್ಲಿ ಜನ ದಾರಿ ಹೇಳುವ ಗುರುತೂ ಇರಲಿ, ಯಾವ ಶಾಲೆಯ ಎದುರು, ಯಾವ ಮಸೀದಿಯ ಪಕ್ಕ, ಯಾವ ವೃತ್ತದಿಂದ ಎಷ್ಟನೇ ಅಂಗಡಿ ಎಂದು.

ಶುಕ್ರವಾರದ ಎರಡು ಗಂಟೆ

ಮತ್ತೆ ಆ ಪಂಕ್ಚರ್ ಅಂಗಡಿಗೆ ಬರೋಣ. ಜುಮಾದ ಅಝಾನ್ ಕೇಳಿದಾಗ ವ್ಯಾಪಾರ ಬಿಟ್ಟು ನಮಾಝಿಗೆ ಧಾವಿಸಬೇಕು, ನಮಾಝ್ ಮುಗಿದ ಮೇಲೆ ಮತ್ತೆ ಜೀವನೋಪಾಯಕ್ಕಾಗಿ ಹೊರಡಬಹುದು ಎಂಬ ಆದೇಶ ಪವಿತ್ರ ಕುರ್‌ಆನಿನ ಸೂರಃ ಅಲ್ ಜುಮುಅಃದಲ್ಲಿದೆ. ಶಟರ್ ಎಳೆದು ಹೋದ ಆ ಭಾಯಿ ಮಾಡಿದ್ದು ಸರಿಯಾದ ಕೆಲಸ. ಅವರ ಹೆಸರಿನಲ್ಲಿ ತೆರೆದಿದೆ ಎಂದು ಹೇಳುತ್ತಿದ್ದ ಬೋರ್ಡು ಮಾತ್ರ ತಪ್ಪಾಗಿತ್ತು.

ಇದನ್ನು ಸರಿಪಡಿಸಲು ಎರಡು ನಿಮಿಷ ಸಾಕು. ಪ್ರೊಫೈಲಿನಲ್ಲಿ ಒಂದೇ ದಿನಕ್ಕೆ ಎರಡು ಅವಧಿ ಹಾಕಬಹುದು. ಶುಕ್ರವಾರ ಬೆಳಿಗ್ಗೆ 9ರಿಂದ 12.30, ಮಧ್ಯಾಹ್ನ 2.30ರಿಂದ ರಾತ್ರಿ 8 ಎಂದು ಬರೆದಿಟ್ಟರೆ ನಡುವಿನ ಹೊತ್ತಿನಲ್ಲಿ ಮುಚ್ಚಿದೆ ಎಂದು ತಾನಾಗಿ ತೋರಿಸುತ್ತದೆ. ಗಿರಾಕಿ ಬೇಸರಪಡುವುದಿಲ್ಲ, ಎರಡೂವರೆಗೆ ಬರುತ್ತಾನೆ.

ರಮಝಾನಿನಲ್ಲಿ ಸಮಯ ಬದಲಾಗುತ್ತದೆ. ಹೋಟೆಲುಗಳು ಸಂಜೆ ತೆರೆಯುತ್ತವೆ, ಬಟ್ಟೆ ಅಂಗಡಿಗಳು ರಾತ್ರಿ ತಡವಾಗಿ ಮುಚ್ಚುತ್ತವೆ. ಎರಡು ಈದ್‌ಗಳಿಗೆ ರಜೆ. ಮನೆಯಲ್ಲಿ ಮದುವೆ, ಮರಣ ಇದ್ದಾಗಲೂ ಅಂಗಡಿ ಮುಚ್ಚುತ್ತದೆ. ಇಂಥ ದಿನಗಳಿಗೆಂದೇ ವಿಶೇಷ ಸಮಯ ಎಂಬ ಜಾಗವಿದೆ. ಆ ದಿನಾಂಕಕ್ಕೆ ಮಾತ್ರ ಬದಲಿಸಿದರೆ ಸಾಕು, ಮರುದಿನ ಹಳೆಯ ಸಮಯ ತಾನಾಗಿ ಮರಳುತ್ತದೆ.

ಇದೆಲ್ಲ ಸಣ್ಣ ವಿಷಯ ಎನಿಸಬಹುದು. ಆದರೆ ಗಂಟೆಗಟ್ಟಲೆ ಬಸ್ಸಿನಲ್ಲಿ ಬಂದ ಒಬ್ಬ ತಾಯಿ ಮುಚ್ಚಿದ ಬಾಗಿಲಿನ ಮುಂದೆ ನಿಂತಾಗ ಅದು ಸಣ್ಣದಲ್ಲ. ಇಷ್ಟು ಗಂಟೆಗೆ ಇರುತ್ತೇನೆ ಎಂದು ಬರೆದಿಡುವುದು ಒಂದು ವಾಗ್ದಾನ.

ರಿವ್ಯೂ ಎಂಬುದು ಸಾಕ್ಷ್ಯ

ಹೆಸರುವಾಸಿ ಎಂಬ ಮೂರನೆಯ ಅಳತೆಯಲ್ಲೇ ಹೆಚ್ಚು ಮೋಸ ನಡೆಯುತ್ತಿದೆ. ಐದು ನಕ್ಷತ್ರದ ನೂರು ರಿವ್ಯೂಗಳನ್ನು ಇಷ್ಟು ಹಣಕ್ಕೆ ಮಾರುವವರಿದ್ದಾರೆ. ಅಂಗಡಿಯ ಮುಖವನ್ನೇ ನೋಡದ, ಎಲ್ಲೋ ಕುಳಿತ ಜನ ಸೇವೆ ಬಹಳ ಚೆನ್ನಾಗಿದೆ ಎಂದು ಬರೆಯುತ್ತಾರೆ. ಕೆಲವರು ಅಣ್ಣತಮ್ಮಂದಿರು, ನೆಂಟರ ಕೈಯಲ್ಲಿ ಬರೆಸುತ್ತಾರೆ. ಇನ್ನೂ ಕೆಟ್ಟದೆಂದರೆ ಎದುರಿನ ಅಂಗಡಿಗೆ ಒಂದು ನಕ್ಷತ್ರ ಹಾಕಿಸುವುದು.

ರಿವ್ಯೂ ಎಂದರೇನು ಎಂದು ಯೋಚಿಸಿ. ನಾನು ಈ ಅಂಗಡಿಗೆ ಹೋದೆ, ಹೀಗೆ ಕಂಡೆ ಎಂದು ಅಪರಿಚಿತರ ಮುಂದೆ ಹೇಳುವ ಮಾತು. ಅಂದರೆ ಅದು ಸಾಕ್ಷ್ಯ. ಸುಳ್ಳು ಸಾಕ್ಷ್ಯವನ್ನು ಪ್ರವಾದಿ ಮುಹಮ್ಮದ್(ಸ)ರವರು ಮಹಾಪಾಪಗಳ ಸಾಲಿನಲ್ಲಿ ಸೇರಿಸಿದ್ದಾರೆ. ಮದೀನಾದ ಮಾರುಕಟ್ಟೆಯ ಪ್ರಸಂಗ ನಮಗೆಲ್ಲ ಗೊತ್ತು. ಧಾನ್ಯದ ರಾಶಿಯೊಳಗೆ ಅವರು ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿತು. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ವ್ಯಾಪಾರಿಯನ್ನು ಕೇಳಿ, ವಂಚಿಸುವವನಿಗೂ ತಮಗೂ ಸಂಬಂಧವಿಲ್ಲ ಎಂದರು. ಹಣ ಕೊಟ್ಟು ತರಿಸಿದ ನಕ್ಷತ್ರಗಳು ಒದ್ದೆ ಧಾನ್ಯದ ಮೇಲೆ ಹರಡಿದ ಒಣ ಕಾಳುಗಳೇ.

ತೂಕದಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಸೂರಃ ಇದೆ, ಅಲ್ ಮುತಫ್ಫಿಫೀನ್. ನಾವು ಅದನ್ನು ತಕ್ಕಡಿಗೆ ಮಾತ್ರ ಸೀಮಿತ ಮಾಡಿಕೊಂಡಿದ್ದೇವೆ. ಇಂದು ಗಿರಾಕಿ ಎರಡು ಅಂಗಡಿಗಳನ್ನು ತೂಗಿ ನೋಡುವುದು ಈ ನಕ್ಷತ್ರಗಳಿಂದ. ಇದೂ ತಕ್ಕಡಿಯೇ.

ದೇಶದ ಕಾನೂನು ಕೂಡ ಈ ಕಡೆ ಗಮನ ಹರಿಸಿದೆ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ರಿವ್ಯೂಗಳಿಗಾಗಿ ಐಎಸ್ 19000 ಎಂಬ ಮಾನದಂಡ ಹೊರಡಿಸಿತು. ಹಣ ಕೊಟ್ಟು ಕೊಂಡ ರಿವ್ಯೂ, ಆ ಕೆಲಸಕ್ಕೆಂದೇ ಜನರನ್ನು ಇಟ್ಟು ಬರೆಸಿದ ರಿವ್ಯೂ ಪ್ರಕಟಿಸಬಾರದು ಎಂದು ಅದು ಹೇಳುತ್ತದೆ. ಅದು ಸ್ವಯಂಪ್ರೇರಿತ ಮಾನದಂಡ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಅಮೆರಿಕದಲ್ಲಿ ಸುಳ್ಳು ರಿವ್ಯೂಗಳ ಖರೀದಿ, ಮಾರಾಟವನ್ನು ನಿಷೇಧಿಸುವ ನಿಯಮ 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ.

ಹಾಗಾದರೆ ಗಿರಾಕಿಯನ್ನು ರಿವ್ಯೂ ಕೇಳಬಾರದೇ? ಕೇಳಬಹುದು. ಕೆಲಸ ಮುಗಿದ ಮೇಲೆ, "ಹೇಗಿತ್ತೋ ಹಾಗೆ ಒಂದು ಮಾತು ಬರೆಯಿರಿ" ಎನ್ನಿ. ಚೆನ್ನಾಗಿ ಬರೆದರೆ ಹತ್ತು ರೂಪಾಯಿ ಬಿಡುತ್ತೇನೆ ಎನ್ನಬೇಡಿ, ಗೂಗಲ್ ನಿಯಮವೂ ಅದನ್ನು ಒಪ್ಪುವುದಿಲ್ಲ. ಯಾರಾದರೂ ದೂರು ಬರೆದರೆ ಕೋಪದಲ್ಲಿ ಉತ್ತರಿಸಬೇಡಿ. ಒಂದು ದಿನ ಬಿಟ್ಟು ಓದಿ. ತಪ್ಪು ನಿಮ್ಮದಾದರೆ ಒಪ್ಪಿಕೊಂಡು ಸರಿಪಡಿಸಿ. ನಿಮ್ಮ ಉತ್ತರವನ್ನು ಆ ಒಬ್ಬ ಗಿರಾಕಿ ಮಾತ್ರವಲ್ಲ, ಮುಂದೆ ಬರುವವರೂ ಓದುತ್ತಾರೆ. ಅಂಗಡಿಗೇ ಬಾರದವರು ಧರ್ಮ, ಜಾತಿ ಹಿಡಿದು ನಿಂದಿಸಿ ಬರೆದರೆ ವಾದಕ್ಕಿಳಿಯಬೇಡಿ. ಅದನ್ನು ತೆಗೆಯುವಂತೆ ಗೂಗಲ್‌ಗೆ ದೂರು ಕೊಡುವ ವ್ಯವಸ್ಥೆ ಅಲ್ಲೇ ಇದೆ.

ಕೀಲಿ ಬೇರೆಯವರ ಕೈಯಲ್ಲಿ

ನನ್ನ ಸಂಬಂಧಿಕರೊಬ್ಬರ ಬೇಕರಿಯ ಕಥೆ ಹೇಳುತ್ತೇನೆ. ನಿಮ್ಮ ಅಂಗಡಿಯನ್ನು ಮೊದಲ ಸ್ಥಾನಕ್ಕೆ ತರುತ್ತೇವೆ ಎಂದು ಒಬ್ಬರು ಫೋನ್ ಮಾಡಿದರು. ಕೆಲವು ಸಾವಿರ ರೂಪಾಯಿ ಪಡೆದರು. ಪ್ರೊಫೈಲನ್ನು ತಮ್ಮದೇ ಇಮೇಲ್‌ನಿಂದ ಮಾಡಿದರು. ಒಂದು ವರ್ಷ ಕಳೆಯಿತು, ನಿಜವಾದ ಗಿರಾಕಿಗಳೇ ಒಳ್ಳೆಯ ಮಾತು ಬರೆದರು. ನಂತರ ಬೇಕರಿಯ ಫೋನ್ ನಂಬರ್ ಬದಲಾಯಿತು. ಸರಿಪಡಿಸಿ ಎಂದರೆ ಮತ್ತೆ ಹಣ ಕೊಡಿ ಎಂದರು. ಬಹಳ ದಿನ ಈದ್ ಕೇಕಿನ ಆರ್ಡರುಗಳು ಹಳೆಯ, ಸತ್ತ ನಂಬರಿಗೇ ಹೋದವು. ದುಡಿಮೆ ಅವರದು, ಹೆಸರು ಅವರದು, ಕೀಲಿ ಮಾತ್ರ ಬೇರೆಯವರ ಕೈಯಲ್ಲಿತ್ತು.

ಆದ್ದರಿಂದ ಕೆಲವು ಎಚ್ಚರಿಕೆಗಳು. ನಕ್ಷೆಯಲ್ಲಿ ಅಂಗಡಿ ಸೇರಿಸಲು ಗೂಗಲ್ ಹಣ ಕೇಳುವುದಿಲ್ಲ. ಮೊದಲ ಸ್ಥಾನದ ಖಾತರಿ ಕೊಡುವವರನ್ನು ನಂಬಬೇಡಿ, ಅಂಥ ಖಾತರಿ ಕೊಡುವ ಅಧಿಕಾರ ಯಾರಿಗೂ ಇಲ್ಲ. ಫೋನಿಗೆ ಬಂದ ಕೋಡನ್ನು ಯಾರಿಗೂ ಹೇಳಬೇಡಿ. ಹಣ ಸ್ವೀಕರಿಸಲು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಒತ್ತಿ ಎನ್ನುವವರು ಮೋಸಗಾರರು. ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಯಾರಿಂದಲಾದರೂ ಸಹಾಯ ಪಡೆಯುವುದು ತಪ್ಪಲ್ಲ. ಬಲ್ಲವರಿಗೆ ಅವರ ಶ್ರಮದ ಕೂಲಿ ಕೊಡಬೇಕಾದದ್ದೇ. ಆದರೆ ಮಾಲೀಕರ ಜಾಗದಲ್ಲಿ ನಿಮ್ಮ ಇಮೇಲ್ ಇರಲಿ, ಸಹಾಯ ಮಾಡುವವರನ್ನು ಮ್ಯಾನೇಜರ್ ಆಗಿ ಸೇರಿಸಿ. ಮ್ಯಾನೇಜರನ್ನು ಯಾವಾಗ ಬೇಕಾದರೂ ತೆಗೆಯಬಹುದು. ಈಗಾಗಲೇ ಕೀಲಿ ಬೇರೆಯವರ ಕೈಸೇರಿದ್ದರೆ, ಒಡೆತನ ಕೊಡಿ ಎಂದು ಗೂಗಲ್ ಮೂಲಕವೇ ಕೋರಿಕೆ ಸಲ್ಲಿಸುವ ದಾರಿ ಇದೆ. ನನ್ನ ಸಂಬಂಧಿಕರು ಹಾಗೆಯೇ ವಾಪಸು ಪಡೆದರು.

ಮನೆಯಿಂದ ದುಡಿಯುವ ಹೆಣ್ಣುಮಕ್ಕಳಿಗೆ

ನಮ್ಮ ಅನೇಕ ಸಹೋದರಿಯರು ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ, ಮೆಹಂದಿ ಹಾಕುತ್ತಾರೆ, ತಿಂಡಿ ಮಾಡಿ ಕೊಡುತ್ತಾರೆ. ಮನೆಯ ವಿಳಾಸ ಎಲ್ಲರಿಗೂ ಕಾಣುತ್ತದೆ ಎಂಬ ಅಂಜಿಕೆಯಿಂದ ಇದರಿಂದ ದೂರ ಉಳಿದಿದ್ದಾರೆ. ಗಿರಾಕಿಯ ಮನೆಗೇ ಹೋಗಿ ಕೆಲಸ ಮಾಡುವವರು, ಮಾಡಿದ್ದನ್ನು ತಲುಪಿಸುವವರು ವಿಳಾಸವನ್ನು ಮರೆಮಾಡಿ, ಯಾವ ಊರುಗಳಿಗೆ ಸೇವೆ ಕೊಡುತ್ತೇವೆ ಎಂದು ಮಾತ್ರ ತೋರಿಸಬಹುದು. ಮನೆಯ ಗುರುತು ನಕ್ಷೆಯಲ್ಲಿ ಬರುವುದಿಲ್ಲ. ಕರೆಗಳಿಗೆ ಬೇರೆ ನಂಬರ್ ಇಟ್ಟುಕೊಂಡು ಅದರಲ್ಲಿ ವಾಟ್ಸ್‌ಆಪ್ ಬಿಸಿನೆಸ್ ಹಾಕಿಕೊಂಡರೆ ಮನೆಯ ಫೋನೂ ವ್ಯವಹಾರವೂ ಬೇರೆಬೇರೆಯಾಗಿರುತ್ತವೆ. ಫೋಟೋ ಹಾಕುವಾಗ ಬೇರೆಯವರ ಕೆಲಸದ ಚಿತ್ರವನ್ನು ಇಂಟರ್‌ನೆಟ್‌ನಿಂದ ಎತ್ತಿ ಹಾಕಬೇಡಿ. ನೀವೇ ಹೊಲಿದ ರವಿಕೆಯ ಸಾಧಾರಣ ಫೋಟೋ, ಬೇರೆಯವರ ಸುಂದರ ಫೋಟೋಗಿಂತ ಮೇಲು.

ಜಮಾಅತ್ ಮಾಡಬಹುದಾದದ್ದು

ವಯಸ್ಸಾದ ವ್ಯಾಪಾರಿಗಳಿಗೆ ಇದೆಲ್ಲ ಕಷ್ಟ ಎನಿಸಬಹುದು. ಆದರೆ ಪಿಯುಸಿ ಓದುವ ಹುಡುಗ ಹುಡುಗಿಯರಿಗೆ ಇದು ಒಂದು ಗಂಟೆಯ ಕೆಲಸ. ಪ್ರತಿ ಮೊಹಲ್ಲಾದಲ್ಲಿ ನಾಲ್ಕೈದು ಮಕ್ಕಳು ಒಟ್ಟಾಗಿ ತಲಾ ಐದು ಅಂಗಡಿಗಳನ್ನು ನೋಡಿಕೊಂಡರೆ ಒಂದು ತಿಂಗಳಲ್ಲಿ ಇಡೀ ಬೀದಿಯ ಬೋರ್ಡುಗಳು ಸರಿಯಾಗುತ್ತವೆ. ಅಂಗಡಿ ಯಾರದು, ಯಾವ ಧರ್ಮದವರದು ಎಂದು ನೋಡಬೇಡಿ. ನಮಗೆ ಕೂರಲು ಹೇಳಿದ ಟೀ ಅಂಗಡಿಯವರದೂ ಇರಲಿ. ನೆರೆಯವರ ಹಕ್ಕು ಅದು. ಬೀದಿಗೆ ಜನ ಬಂದರೆ ಎಲ್ಲರ ಗಲ್ಲಾ ತುಂಬುತ್ತದೆ.

ಹಾಗೆಯೇ ಮಸೀದಿಯ ವಿವರವನ್ನೂ ಒಮ್ಮೆ ನೋಡಿ. ಹೆದ್ದಾರಿಯಲ್ಲಿ ಹೋಗುವ ಪ್ರಯಾಣಿಕರು ನಮಾಝಿನ ಹೊತ್ತಿಗೆ ಹತ್ತಿರದ ಮಸೀದಿಯನ್ನು ಹುಡುಕುತ್ತಾರೆ. ಗುರುತು ಸರಿಯಾದ ಜಾಗದಲ್ಲಿದೆಯೇ, ಜುಮಾ ಸಮಯ ಸರಿಯಾಗಿದೆಯೇ, ಮಹಿಳೆಯರಿಗೆ ಸ್ಥಳವಿದ್ದರೆ ಅದನ್ನು ಬರೆಯಲಾಗಿದೆಯೇ ಎಂದು ಆಡಳಿತ ಸಮಿತಿಯವರು ಪರಿಶೀಲಿಸಲಿ.

ಆ ದಿನ ಪಂಕ್ಚರ್ ಹಾಕಿ ಮುಗಿಸಿದ ಮೇಲೆ ನಾವಿಬ್ಬರೂ ಟೀ ಕುಡಿಯುತ್ತಾ ಅವರ ಫೋನಿನಲ್ಲೇ ಅಂಗಡಿಯ ಹಕ್ಕು ಕೋರಿದೆವು. ಶುಕ್ರವಾರದ ಎರಡು ಅವಧಿಗಳನ್ನು ಬರೆದೆವು. ಪರಿಶೀಲನೆ ಮುಗಿದ ಮೇಲೆ ಆ ಒಂದು ನಕ್ಷತ್ರದ ಮಾತಿಗೆ ಏನು ಉತ್ತರ ಬರೆಯಬೇಕು ಎಂದು ಅವರು ಫೋನ್ ಮಾಡಿ ಕೇಳಿದರು. ನೀವೇ ಹೇಳಿ, ನಾನು ಬರೆಯುತ್ತೇನೆ ಎಂದೆ. ಅವರು ಹೇಳಿದ್ದು ಇಷ್ಟೇ: "ಆವತ್ತು ನಿಮಗೆ ತೊಂದರೆ ಆಯ್ತು, ಕ್ಷಮಿಸಿ. ಶುಕ್ರವಾರ ನಮಾಝಿಗೆ ಹೋಗಿರ್ತೀನಿ. ಇನ್ನೊಂದು ಸಲ ಈ ದಾರಿಯಲ್ಲಿ ಬಂದ್ರೆ ದುಡ್ಡು ಬೇಡ, ಗಾಳಿ ಹಿಡಿಸಿಕೊಂಡು ಹೋಗಿ."

ಪ್ರವಾದಿತ್ವಕ್ಕೆ ಮೊದಲೇ ಮಕ್ಕಾದ ಜನ ಮುಹಮ್ಮದ್(ಸ)ರವರನ್ನು ಅಲ್ ಅಮೀನ್, ವಿಶ್ವಾಸಾರ್ಹ ಎಂದು ಕರೆಯುತ್ತಿದ್ದರು. ಅವರು ವ್ಯಾಪಾರಿಯೂ ಆಗಿದ್ದರು. ಅವರ ಹೆಸರು ಹರಡಿದ್ದು ಅವರೊಂದಿಗೆ ವ್ಯವಹರಿಸಿದವರ ಮಾತಿನಿಂದ. ನಮ್ಮ ಹುಡುಕಾಟದ ಸಾಧನ ಬದಲಾಗಿದೆ, ಹುಡುಕುವ ವಸ್ತು ಬದಲಾಗಿಲ್ಲ. ಗಿರಾಕಿ ಈಗಲೂ ನಂಬಬಹುದಾದ ಒಬ್ಬ ಮನುಷ್ಯನನ್ನೇ ಹುಡುಕುತ್ತಿದ್ದಾನೆ.

ಇಂದು ಮನೆಗೆ ಹೋದ ಕೂಡಲೇ ನಿಮ್ಮ ಅಂಗಡಿಯ ಹೆಸರನ್ನು ಒಮ್ಮೆ ಹುಡುಕಿ ನೋಡಿ. ಅದು ನಿಮ್ಮ ಬಗ್ಗೆ ಏನು ಹೇಳುತ್ತಿದೆ ಎಂದು ಓದಿ. ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರಕತ್ತನ್ನೂ ನಮ್ಮ ಮಾತಿನಲ್ಲಿ ಸತ್ಯವನ್ನೂ ದಯಪಾಲಿಸಲಿ. ಆಮೀನ್.